ಗಾಡಿ ಎಷ್ಟ ಕೊಡತೈತಿ?

ನಮ್ಮ ಕಡೆ ಎಮ್ಮೆ ತಂದರೂ ಗಾಡಿ ತಂದರೂ ಜನ ಮೊದಲು ಕೇಳುವ ಮಾತು ಒಂದೇ: “ಎಷ್ಟ ಕೊಡತೈತಿ?” ಎಮ್ಮೆಯಾದರೆ ಹೊತ್ತಿಗೆ ಎಷ್ಟು ಲೀಟರ್ ಹಾಲು, ಗಾಡಿಯಾದರೆ ಲೀಟರಿಗೆ ಎಷ್ಟು ಕಿಲೋಮೀಟರ್. ಬಣ್ಣ, ವೇಗ, ಎಂಜಿನ್ನಿನ ತಾಕತ್ತು ಎಲ್ಲ ಆಮೇಲಿನ ಮಾತು. ನನ್ನ ಗಾಡಿ ಏಳು ಕೊಡುತ್ತದೆ. ಈ ಸಣ್ಣ ಅಂಕಿಯನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನಾನು ಹಲ್ಲಿನ ಡಾಕ್ಟರು. ಮನೆ, ದವಾಖಾನೆ ಎರಡೂ ಗೋಕಾಕದಲ್ಲಿ. ಸೋಮವಾರ, ಗುರುವಾರ ಮೂಡಲಗಿಯಲ್ಲಿ ಕೂರುತ್ತೇನೆ. ಮಂಗಳವಾರ, ಶುಕ್ರವಾರ ಹುಕ್ಕೇರಿಯಲ್ಲಿ. ಹೀಗೆ ವಾರಕ್ಕೆ ನಾಲ್ಕು ದಿನ ರಸ್ತೆಯ ಮೇಲೆ ಇರುವವಳಿಗೆ ಎಂಥ ಗಾಡಿ ಬೇಕು? ಎತ್ತರದ್ದು, ಗಟ್ಟಿಯದ್ದು, ಡೀಸೆಲ್ಲಿನದು. ಇದು ನನಗೂ ಗೊತ್ತಿತ್ತು. ಆದರೂ ಕೊಲ್ಲಾಪುರದ ಒಬ್ಬ ಸರ್ಜನ್ನರು ಮಾರಲಿಟ್ಟಿದ್ದ ಗಾಡಿಯನ್ನು ಒಮ್ಮೆ ಓಡಿಸಿ ನೋಡಿದೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. ರೇಸಿನ ಗಾಡಿಯ ಎಂಜಿನ್ನನ್ನು ತಂದು ಸಂಸಾರದ ಗಾಡಿಯೊಳಗೆ ಅಡಗಿಸಿಟ್ಟಂತಿತ್ತು. ನಾಲ್ಕು ಬಾಗಿಲಿವೆ, ಹಿಂದೆ ದೊಡ್ಡ ಡಿಕ್ಕಿ ಇದೆ, ಜೋಳದ ಚೀಲ ಹಿಡಿಯುತ್ತದೆ ಎಂದು ಮನೆಯಲ್ಲಿ ವಾದ ಮಾಡಿದೆ. ಇವತ್ತಿನವರೆಗೂ ಅದರಲ್ಲಿ ಒಂದು ಜೋಳದ ಚೀಲ ಬಂದಿಲ್ಲ.

ಬೆಳಿಗ್ಗೆ ಚಾಲೂ ಮಾಡಿದರೆ ಎದುರು ಮನೆಯ ಕಿಟಕಿ ಗಾಜು ಗಿರಗಿರ ಎನ್ನುತ್ತದೆ. ಅವರು ಜಗಳಕ್ಕೆ ಬರುತ್ತಾರೆ ಎಂದು ನಾನು ಮಾತು ಜೋಡಿಸಿಕೊಂಡು ಕಾಯುತ್ತಿದ್ದೆ. ಅವರೋ ಅದನ್ನೇ ಅಲಾರಂ ಮಾಡಿಕೊಂಡುಬಿಟ್ಟರು. ನಾನು ರಜೆ ಹಾಕಿದ ದಿನ ಅವರ ಮಕ್ಕಳ ಟ್ಯೂಷನ್ ತಪ್ಪುತ್ತದೆ, ಅದಕ್ಕೆ ಬೈಯುತ್ತಾರೆ.

ಈ ಹುಚ್ಚು ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿಲ್ಲ. ನನ್ನ ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಶಾಲೆಗೆ ಸೂಟಿ ಇದ್ದಾಗ ನನ್ನನ್ನು ತನ್ನ ಪಕ್ಕದ ಎಂಜಿನ್ ಡಬ್ಬಿಯ ಮೇಲೆ ಗೋಣಿಚೀಲ ಮಡಿಸಿ ಕೂರಿಸುತ್ತಿದ್ದ. ಕೆಳಗಿನಿಂದ ಬಿಸಿ, ನಡುಕ, ಗುರ್ ಎನ್ನುವ ಸದ್ದು. ಗೇರು ಬದಲಿಸುವ ಮೊದಲೇ ಸದ್ದು ಕೇಳಿ ನಾನು “ಈಗ” ಎನ್ನುತ್ತಿದ್ದೆ. ಅಪ್ಪ ಬದಲಿಸುತ್ತಿದ್ದ. ನನ್ನ ಮಾತಿಗೇ ಬಸ್ಸು ನಡೆಯುತ್ತದೆ ಎಂದು ಬಹಳ ದಿನ ನಂಬಿದ್ದೆ. ಹಾಗಾಗಿ ಗಾಡಿ ಮನೆಗೆ ಬಂದ ದಿನ ಊರೇನನ್ನುತ್ತದೆ ಎಂಬ ಚಿಂತೆ ನನಗಿರಲಿಲ್ಲ. ಅಪ್ಪ ಪಕ್ಕದ ಸೀಟಿನಲ್ಲಿ ಕೂರಬೇಕು, ಎಂಜಿನ್ನಿನ ಸದ್ದು ಕೇಳಬೇಕು, ಭೇಷ್ ಅನ್ನಬೇಕು. ಬೇಕಿದ್ದದ್ದು ಇಷ್ಟೇ.

ಅಪ್ಪ ಕೈ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅಡಿಯಲ್ಲಿ ನೋಡಿದ.

“ನೆಲಕ್ಕ ಬಿದ್ದೈತಲ್ಲವಾ ಇದು,” ಎಂದ. ಆಮೇಲೆ ಹಿಂದೆ ಹೋಗಿ, “ಸೈಲೆನ್ಸರ್ ನಾಕ್ ಅದಾವು. ಮೂರು ಕೆಟ್ಟರ ಒಂದರ ಇರ್ಲಿ ಅಂತ ಕೊಟ್ಟಾರೇನ?”

ಅಷ್ಟರಲ್ಲಿ ಪೂಜೆಗೆ ಬಂದಿದ್ದ ಕಾಕಾ ಒಬ್ಬರು ಆ ಮಾತು ಕೇಳಿಯೇಬಿಟ್ಟರು: “ಎಷ್ಟ ಕೊಡತೈತಿ?”

ಸರ್ಜನ್ನರು ಏಳು ಎಂದು ಪ್ರಾಮಾಣಿಕವಾಗಿ ಹೇಳಿದ್ದರು. ನನ್ನ ಬಾಯಿಂದ “ಹದಿನಾಲ್ಕು” ಎಂದು ಬಂತು. ಅಪ್ಪ ನನ್ನ ಮುಖ ನೋಡಿದ, ಗಾಡಿಯ ಮುಖ ನೋಡಿದ, ಒಳಗೆ ಹೋದ. ನಮ್ಮ ಪಡಸಾಲೆಯ ಗೋಡೆಗೆ ಒಂದು ಗಡಿಯಾರವಿದೆ. ಡೀಸೆಲ್ ಉಳಿಸಿ ಬಸ್ಸು ಓಡಿಸಿದ್ದಕ್ಕೆ ಡಿಪೋದವರು ಅಪ್ಪನಿಗೆ ಕೊಟ್ಟದ್ದು. ಅದರ ಕೆಳಗೆ ಕೂತು ಪೇಪರು ಬಿಚ್ಚಿದ. ಎಂಜಿನ್ನಿನ ಸದ್ದು ಕೇಳಿಯೇ ಅದು ಎಷ್ಟು ಕುಡಿಯುತ್ತದೆ ಎಂದು ಹೇಳುವ ಮನುಷ್ಯನೆದುರು ಸುಳ್ಳು ಹೇಳಿದ್ದೆ.

ಒಂದು ಸುಳ್ಳಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಮೂಡಲಗಿಯಲ್ಲಿ ನಾಗನೂರಿನ ರೈತರೊಬ್ಬರು ದವಡೆಯಲ್ಲಿ ಹತ್ತಿ ಇಟ್ಟುಕೊಂಡೇ “ಎಟ್ಟ ಕೊಟೈತ್ರಿ?” ಎಂದರು. ಹದಿನಾಲ್ಕು ಎಂದೆ. ಅವರ ಕಣ್ಣಲ್ಲಿ ನನ್ನ ಬಗ್ಗೆ ಮರುಕ ಕಂಡಿತು. ಮರುದಿನ ಹುಕ್ಕೇರಿಯಲ್ಲಿ ಹದಿನಾರು ಮಾಡಿದೆ. ಗೋಕಾಕದ ಪೆಟ್ರೋಲ್ ಪಂಪಿನಲ್ಲಿ, ನನ್ನನ್ನು ವಾರಕ್ಕೆ ಮೂರು ಸಲ ನೋಡುವವರ ಎದುರಿಗೇ, ಹದಿನೆಂಟು ಎಂದುಬಿಟ್ಟೆ. ಅಲ್ಲಿಯ ಕೆಲಸಗಾರ ನಕ್ಕು ಗಾಜು ಒರೆಸಿದ.

ಅಪ್ಪನ ಗೆಳೆಯರು ಮೂರೂ ಊರಲ್ಲಿದ್ದಾರೆ. ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಅಪ್ಪ ಕೇಳಿದ:

“ಮೂಡಲಗ್ಯಾಗ ಹದಿನಾಕು, ಹುಕ್ಕೇರ್ಯಾಗ ಹದಿನಾರು, ಗೋಕಾಕದಾಗ ಹದಿನೆಂಟು. ಒಂದ ಗಾಡಿ, ಊರಿಗೊಂದ್ ಲೆಕ್ಕ. ಹೆಂಗವಾ ಇದು?”

“ಏ ಹೋಗಪಾ, ಜನ ಕೇಳ್ತಾರ, ಏನರೆ ಹೇಳಬೇಕಲ್ಲ.”

“ಖರೆ ಹೇಳು.”

“ಬಾ, ನೀನ ಕುಂತ ನೋಡ್ ಬಾ.”

“ಸುಳ್ಳ ಹೇಳಸೂ ಗಾಡ್ಯಾಗ ನಾ ಕುಂದ್ರೂದಿಲ್ಲ,” ಎಂದು ಅಪ್ಪ ಕೈ ತೊಳೆದ.

ನನಗೆ ಸಿಟ್ಟು ಬಂತು. ನಾನೂ ಅವನ ಮಗಳೇ. ಕರೆಯುವುದನ್ನೇ ಬಿಟ್ಟೆ. ಆಗಿನಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಮೂಡಲಗಿಗೆ ಹೋಗುವ ಕೆಲಸವಿದ್ದರೆ ಅಪ್ಪ ನನ್ನ ಗಾಡಿಯ ಪಕ್ಕದಿಂದಲೇ ಚೀಲ ಹಿಡಿದು ಸ್ಟ್ಯಾಂಡಿಗೆ ನಡೆಯುವನು, ಬಸ್ಸು ಹತ್ತುವನು. ಬಸ್ಸು ನನಗಿಂತ ಮುಂಚೆ ಮುಟ್ಟುತ್ತಿತ್ತು. ಯಾಕೆಂದರೆ ಕಲ್ಲೋಳಿಯ ಹತ್ತಿರದ ಹಂಪುಗಳನ್ನು ನನ್ನ ಗಾಡಿ ನೇರವಾಗಿ ದಾಟುವುದಿಲ್ಲ. ದಾಟಿದರೆ ಹೊಟ್ಟೆ ಕೆರೆದುಕೊಳ್ಳುತ್ತದೆ, ಆ ಸದ್ದು ನನ್ನ ಬೆನ್ನುಮೂಳೆಗೆ ಕೇಳುತ್ತದೆ. ಹಾಗಾಗಿ ಪೂರ್ತಿ ನಿಂತು, ರಸ್ತೆಗೆ ಅಡ್ಡಲಾಗಿ ತಿರುಗಿಸಿ, ಒಂದೊಂದೇ ಗಾಲಿ ಇಳಿಸಬೇಕು. ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನು ಹಾರನ್ನು ಒತ್ತುತ್ತಾನೆ. ಒಂದು ದಿನ ಹಾಗೆ ಅಡ್ಡ ನಿಂತಾಗ ಬಾಜೂದಲ್ಲಿ ಬಸ್ಸು ಹೋಯಿತು. ಕಿಟಕಿಯಲ್ಲಿ ಅಪ್ಪ. ಸಂಜೆ ಮನೆಯಲ್ಲಿ, “ಅದು ಗಾಡಿ ಐತೋ, ಏಡಿ ಐತೋ?” ಎಂದ. ಏಡಿ ಎಂಬ ಹೆಸರು ಓಣಿಗೆಲ್ಲ ಹಬ್ಬಿತು.

ಸುಖ ಇಲ್ಲವೇ ಇಲ್ಲ ಎಂದಲ್ಲ. ಹುಕ್ಕೇರಿಯಲ್ಲಿ ರೋಗಿಗಳು ಬೇಗ ಮುಗಿದರೆ ಯಮಕನಮರಡಿಯಲ್ಲಿ ಚಹಾ ಚೆನ್ನಾಗಿರುತ್ತದೆ ಎಂದು ನೆಪ ತೆಗೆದು ಹೆದ್ದಾರಿಗೆ ಹೋಗುತ್ತೇನೆ. ಅಲ್ಲಿ ಏಡಿ ನೆಟ್ಟಗಾಗುತ್ತದೆ. ಕಾಲು ಸ್ವಲ್ಪ ಒತ್ತಿದರೆ ಸಾಕು, ಬೆನ್ನು ಸೀಟಿಗೆ ಅಂಟುತ್ತದೆ, ಒಬ್ಬಳೇ ನಗುತ್ತೇನೆ. ನಕ್ಕ ಮೇಲೆ ಪಕ್ಕದ ಸೀಟಿನ ಕಡೆ ಕಣ್ಣು ಹೋಗುತ್ತದೆ. ಅಲ್ಲಿ ನನ್ನ ಬುತ್ತಿ ಡಬ್ಬಿ ಕೂತಿರುತ್ತದೆ. ಚಹಾ ಖರೆ ಹೇಳಬೇಕೆಂದರೆ ಅಷ್ಟೇನೂ ಚೆನ್ನಾಗಿರುವುದಿಲ್ಲ.

ಹೋದ ಕಬ್ಬಿನ ಹಂಗಾಮಿನಲ್ಲಿ ಹುಕ್ಕೇರಿಯಲ್ಲಿ ಒಂದು ಮದುವೆ ಬಂತು. ಅಪ್ಪನ ಬಸ್ಸಿಗೆ ಬಹಳ ವರ್ಷ ಕಂಡಕ್ಟರ್ ಆಗಿದ್ದ ಗೆಳೆಯನ ಮೊಮ್ಮಗಳದು. ಶುಕ್ರವಾರ ಆಗಿದ್ದರಿಂದ ನಾನೂ ಹುಕ್ಕೇರಿಗೇ ಹೊರಟಿದ್ದೆ. ಹಟ ಬದಿಗಿಟ್ಟು, “ಬರ್ತಿಯೇನಪಾ?” ಎಂದು ಕೇಳಿದೆ. “ಅಕ್ಕಿಕಾಳ ಹಾಕೂ ಮುಹೂರ್ತಕ್ಕ ಸರಿಯಾಗಿ ಮುಟ್ಟಬೇಕು. ಬಸ್ಸ ಚೊಲೊ,” ಎಂದು ಹೊಸ ಧೋತರ ಉಟ್ಟು ನಡೆದೇಬಿಟ್ಟ.

ಘಟಪ್ರಭಾ ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ನಿಂತಿತ್ತು. ಬಾನೆಟ್ ತೆಗೆದಿದ್ದರು, ಹೊಗೆ ಬರುತ್ತಿತ್ತು. ಜನರೆಲ್ಲ ಬೇವಿನ ಗಿಡದ ನೆರಳಿನಲ್ಲಿ. ಅಪ್ಪ ಮಾತ್ರ ಎಳೆಯ ಡ್ರೈವರನ ಹೆಗಲ ಮೇಲಿಂದ ಬಗ್ಗಿ ಸಲಹೆ ಕೊಡುತ್ತಿದ್ದ. ಹೊಸ ಧೋತರಕ್ಕೆ ಆಗಲೇ ಎಣ್ಣೆ ಹತ್ತಿತ್ತು. ಅಕ್ಕಿಕಾಳಿಗೆ ಒಂದು ತಾಸೂ ಉಳಿದಿರಲಿಲ್ಲ.

ನಾನು ಗಾಡಿ ನಿಲ್ಲಿಸಿ ಇಳಿದೆ. ಅಪ್ಪ ನನ್ನನ್ನು ನೋಡಿದ, ಕೈಗಡಿಯಾರ ನೋಡಿಕೊಂಡ, “ಇನ್ನೊಂದು ಬಸ್ಸ ಬರತೈತಿ,” ಎಂದ. ಬರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನ ದನಿ ಸಣ್ಣದಾಗಿತ್ತು. ಗೆಳೆಯನಿಗೆ ಕೊಟ್ಟ ಮಾತು ತಪ್ಪುತ್ತದಲ್ಲ ಎಂಬ ಕಳವಳ ಮುಖದಲ್ಲಿತ್ತು, ಆದರೂ ಬಗ್ಗುವವನಲ್ಲ.

ನೆರಳಲ್ಲಿದ್ದವರು ನನ್ನ ಗಾಡಿಯ ಸುತ್ತ ನೆರೆದರು. ಬಿಳಿ ಟೊಪ್ಪಿಗೆಯ ಒಬ್ಬರು ಚಕ್ರಕ್ಕೆ ಬೆರಳಿಂದ ಕುಟ್ಟಿ, “ಅಕ್ಕಾರ, ಗಾಡಿ ಭಾರಿ ಐತ್ರಿ. ಎಷ್ಟ ಕೊಡತೈತ್ರಿ?” ಎಂದರು.

ಅಪ್ಪ ಎಂಜಿನ್ನಿನಿಂದ ತಲೆ ಎತ್ತಿದ. ಹದಿನೆಂಟು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

“ಏಳು,” ಎಂದೆ.

“ಹದಿನೇಳರಿ?”

“ಹದಿನೇಳ ಅಲ್ರಿ. ಬರೇ ಏಳು. ಹಂಪ್ ಭಾಳ ಇದ್ದರ ಆರು.”

ಟೊಪ್ಪಿಗೆಯವರು ಚಕ್ರದ ಮೇಲಿನ ಬೆರಳು ತೆಗೆದರು. ಆಗ ಗುಂಪಿನ ಹಿಂದಿದ್ದ, ಕಿವಿ ಸ್ವಲ್ಪ ಮಂದವಾದ ಒಬ್ಬ ಮುದುಕಿ ನನ್ನನ್ನು ಸಮಾಧಾನ ಮಾಡಿದಳು: “ಇರ್ಲಿ ಬಿಡವಾ, ಏಳಂದ್ರ ಕಡಿಮಿ ಏನಲ್ಲ. ಯಾಡ್ ಹೊತ್ತೂ ಸೇರಿ ಏಳೋ, ಒಂದ್ ಹೊತ್ತಿಗೋ? ಹಿಂಡಿ ಏನ ಹಾಕ್ತಿ?”

ಮೊದಲು ನಕ್ಕವನು ಅಪ್ಪ. ಬಸ್ಸಿಗೆ ಕೈ ಊರಿಕೊಂಡು ನಕ್ಕ. “ಪೆಟ್ರೋಲ್ ಹಾಕ್ತಾಳ ಆಯಿ, ಬರೇ ಪೆಟ್ರೋಲ್!” ಎಂದು ಕೂಗಿ ಹೇಳಿದ. ಕಣ್ಣು ಒರೆಸಿಕೊಳ್ಳುತ್ತ ಬಂದು, ಟವೆಲ್ಲಿಗೆ ಕೈ ಒರೆಸಿ, ತಾನೇ ಪಕ್ಕದ ಬಾಗಿಲು ತೆಗೆದ. ಮೊದಲು ಒಂದು ಕಾಲು, ಆಮೇಲೆ ಸೊಂಟ, ಕೊನೆಗೆ ರುಮಾಲು ಹಿಡಿದುಕೊಂಡು ತಲೆ. ಹುಕ್ಕೇರಿಯ ಮಗಳ ಮನೆಗೆ ಹೊರಟಿದ್ದ ಆಯಿಯನ್ನೂ ಹಿಂದೆ ಕೂರಿಸಿಕೊಂಡೆವು.

ಎಂಜಿನ್ ಚಾಲೂ ಮಾಡಿ ಸುಮ್ಮನೆ ಕೂತೆ.

“ಯಾಕ?” ಎಂದ ಅಪ್ಪ.

“ರೈಟ್ ಅನ್ನು.”

ಕಂಡಕ್ಟರು ರೈಟ್ ಅನ್ನದೆ ಅಪ್ಪ ಒಂದು ದಿನವೂ ಬಸ್ಸು ಬಿಟ್ಟವನಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, “ರೈಟ್,” ಎಂದ. ನನಗೆ ರಸ್ತೆ ಸ್ವಲ್ಪ ಹೊತ್ತು ಮಸುಕಾಗಿ ಕಂಡಿತು. ಅಷ್ಟು ಸಂತೋಷವಾಗಿತ್ತು.

ಆ ಸಂತೋಷ ಮೊದಲ ಹಂಪಿನವರೆಗೆ. ಆಮೇಲೆ ಪಾಠ ಶುರುವಾಯಿತು. ನಾನು ಬ್ರೇಕ್ ಒತ್ತುವ ಮೊದಲೇ ಅಪ್ಪನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದರ ಮೇಲೆ, ಎದುರಿನ ಪರದೆಯಲ್ಲಿ ಗಾಡಿ ಆಗಿಂದಾಗ ಎಷ್ಟು ಕೊಡುತ್ತಿದೆ ಎಂದು ತೋರಿಸುವ ಅಂಕಿಯನ್ನು ಕಂಡುಹಿಡಿದುಬಿಟ್ಟ. ಒಂದೂವರೆ ವರ್ಷ ನಾನು ಅದಕ್ಕೊಂದು ಟವೆಲ್ ಮುಚ್ಚದಿದ್ದುದೇ ತಪ್ಪಾಯಿತು.

“ಕಾಲ ತಗಿ. ಇಳಿಜಾರ ಐತಿ, ತಾನ ಹೋಗತೈತಿ. ಹೂಂ. ಈಗ ಸಾವಕಾಶ ಕೊಡು. ಸಾವಕಾಶ ಅಂದ್ನಿ!”

ಹಳ್ಳಿಯೊಂದರ ಹತ್ತಿರ ಸೈಕಲ್ಲೊಂದು ನಮ್ಮನ್ನು ದಾಟಿಹೋಯಿತು. ರೇಸಿನ ಎಂಜಿನ್ನು ನಾಚಿಕೆಯಿಂದ ಗೊಣಗುತ್ತಿತ್ತು. ಆದರೆ ಅಂಕಿ ಏರಿತು: ಎಂಟು, ಎಂಟೂವರೆ, ಒಂಬತ್ತು. ಅಪ್ಪ ಮುಂದೆ ಬಾಗಿ ಕೂತಿದ್ದ. ಒಂದು ಏರಿನಲ್ಲಿ ಎಂಜಿನ್ನಿನ ದನಿ ಬದಲಾಗುವ ಹೊತ್ತಿಗೆ ಸರಿಯಾಗಿ “ಈಗ,” ಎಂದ. ನಾನು ಗೇರು ಬದಲಿಸಿದೆ. ಹಿಂದಿನ ಸೀಟಿನಲ್ಲಿ ಆಯಿ ನಿದ್ದೆ ಹೋಗಿದ್ದಳು.

ಆಯಿಯನ್ನು ಮಗಳ ಮನೆಯ ಹತ್ತಿರ ಇಳಿಸಿ ಕಲ್ಯಾಣಮಂಟಪದ ಮುಂದೆ ನಿಂತಾಗ ಅಕ್ಕಿಕಾಳಿಗೆ ಇನ್ನೂ ಹತ್ತು ನಿಮಿಷವಿತ್ತು. ತಲೆಗೆ ಪಟಗ ಸುತ್ತಿಕೊಂಡ ಕಂಡಕ್ಟರ್ ಕಾಕಾ ಓಡಿಬಂದು ಅಪ್ಪನನ್ನು ಕೈಹಿಡಿದು ಮೇಲೆತ್ತಿದರು. ಅಪ್ಪಿಕೊಂಡರು. ಆಮೇಲೆ ಗಾಡಿಯ ಮೇಲೆ ಕಣ್ಣಾಡಿಸಿದರು, ನಾಲ್ಕು ಸೈಲೆನ್ಸರ್ ಎಣಿಸಿದರು. ನಾಲ್ಕಾರು ಬೀಗರೂ ಸುತ್ತ ನಿಂತರು.

“ಡ್ರೈವರ್ ಸಾಹೇಬ್ರ, ಮಗಳ ಗಾಡಿ ಜೋರ್ ಐತಿ. ಎಷ್ಟ ಕೊಡತೈತಿ?”

ಈಗ ನನಗೆ ರೂಢಿಯಾಗಿತ್ತು. ಏಳು ಎನ್ನಲು ಬಾಯಿ ತೆರೆದೆ. ಅಪ್ಪ ನನ್ನ ಮುಂದೆ ಬಂದು ನಿಂತು ಮೀಸೆಯ ಮೇಲೆ ಕೈ ಎಳೆದ.

“ಇಪ್ಪತ್ತೆರಡು,” ಎಂದ.

“ಇಪ್ಪತ್ತೆರಡೇನ್ರಿ!”

“ನಾನ ಕುಂತ ನೋಡೇನಿ.”

“ನೀವ ಹೇಳಿದ್ರ ಮುಗೀತ ಬಿಡ್ರಿ,” ಎಂದು ಕಂಡಕ್ಟರ್ ಕಾಕಾ ಬೀಗರ ಕಡೆ ತಿರುಗಿ, ಡೀಸೆಲ್ ಉಳಿಸಿದ ಡ್ರೈವರ್ ಇವರೇ ನೋಡ್ರಿ ಎಂದು ಪರಿಚಯ ಮಾಡಿಸಿದರು. ಕಾಕಾ ಒಳಗೆ ನಡೆದ ಮೇಲೆ ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ.

“ಮೂರೂ ಊರಾಗ ಇನ್ ಮ್ಯಾಲ ಇಪ್ಪತ್ತೆರಡು. ನಿನ್ನ ಯಾರರೆ ನಂಬಲಿಲ್ಲಂದ್ರ ನನ್ನ ಕಡೆ ಕಳಸು.”