“ಸೈಜ್ ನೋಡಿದ್ರಾ?”

ನಮ್ಮ ಓನರ್ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಕಪ್ಪಗಾಗಿತ್ತು. ಚಿಕ್ಕ ವಯಸ್ಸಿನಲ್ಲಿ ಪೇಪರ್ ಕಟಿಂಗ್ ಮೆಷಿನ್ ಕೊಟ್ಟ ಗುರುತು. ನಾನು ಫೈಲ್ ಕಳಿಸಿದಾಗಲೆಲ್ಲ ಆ ಉಗುರು ನನ್ನ ಮಾನಿಟರನ್ನು ತಟ್ಟುತ್ತಿತ್ತು, ಇಲ್ಲಿಂದ ಹೋದ ಫೈಲೂ ಅಲ್ಲಿ ತಲುಪಿದ್ದೂ ಒಂದೇ ಅಳತೆಯೋ ಎಂದು. “ಸೈಜ್ ನೋಡಿದ್ರಾ?”

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಅವರದು ಔಷಧಿ ಲೇಬಲ್ ಡಿಸೈನ್ ಮಾಡುವ ಪುಟ್ಟ ಸ್ಟುಡಿಯೋ. ಪ್ರೂಫ್ ನೋಡಿ, ಫೈಲನ್ನು ಎಫ್‌ಟಿಪಿಯಲ್ಲಿ, ಅಂದರೆ ನೆಟ್ ಮೂಲಕ ನೇರ ಕೆಂಗೇರಿಯ ಪ್ರೆಸ್ಸಿನ ಕಂಪ್ಯೂಟರಿಗೇ, ಕಳಿಸುವುದು ನನ್ನ ಕೆಲಸ. ಇಮೇಲ್ ಸಾಲದೇ ಎಂದು ಮೊದಲ ವಾರವೇ ಕೇಳಿದ್ದೆ. ಅಷ್ಟು ದೊಡ್ಡ ಫೈಲು ಇಮೇಲ್‌ನಲ್ಲಿ ಹೋಗುವುದಿಲ್ಲ, ಇದರಲ್ಲಿ ಪ್ರತಿ ಗಿರಾಕಿಗೂ ಬೇರೆ ಫೋಲ್ಡರ್, ಅರ್ಧದಲ್ಲಿ ಲೈನ್ ಹೋದರೆ ಉಳಿದರ್ಧ ಕಳಿಸಿದರಾಯಿತು ಎಂದು ಮಗಳನ್ನು ಹೊಗಳುವ ಹಾಗೆ ವಿವರಿಸಿದ್ದರು. ಪಾಸ್‌ವರ್ಡ್ ಯಾರ ಕಣ್ಣಿಗೂ ಬೀಳಬಾರದೆಂದು ಆಮೇಲೆ ಅದರದೇ ಬೀಗವಿರುವ ರೂಪ, ಎಸ್‌ಎಫ್‌ಟಿಪಿ ಹಾಕಿಸಿದರು. “ಆದ್ರೆ ಅದಕ್ಕೆ ಓದೋಕ್ ಬರಲ್ಲ ಮೇಡಂ. ಓದ್ಬೇಕಾದೋರು ನಾವು.”

ಒಂದು ಮಧ್ಯಾಹ್ನ, ಮಕ್ಕಳ ಜ್ವರದ ಸಿರಪ್ಪಿನ ಲೇಬಲ್. ಬೆಳಿಗ್ಗೆ ಕಳಿಸಿದ್ದರಲ್ಲಿ ಚುಕ್ಕೆಯೊಂದು ಬಿಟ್ಟುಹೋಗಿ, ಎರಡೂವರೆ ಎಂ.ಎಲ್. ಡೋಸ್ ಇಪ್ಪತ್ತೈದು ಆಗಿತ್ತು. ತಿದ್ದಿದೆ. ಅದೇ ಹೆಸರಿನಲ್ಲಿ ಕಳಿಸಲು ಬಟನ್ ಒತ್ತಿದ್ದೇ ಕರೆಂಟ್ ಹೋಯಿತು. ಮತ್ತೆ ಬಂದಾಗ ಪ್ರೆಸ್ಸಿನ ಫೋಲ್ಡರ್‌ನಲ್ಲಿ ಫೈಲಿನ ಹೆಸರು ಕಂಡಿತು. ಸದ್ಯ, ಹೋಯಿತೆಂದುಕೊಂಡು, ಪ್ರಿಂಟ್ ಹಾಕಿ ಎಂದು ಪ್ರೆಸ್ಸಿಗೆ ಫೋನ್ ಮಾಡಿಬಿಟ್ಟೆ.

ಕಾಫಿ ಕುಡಿದು ಬಂದ ಓನರ್ ಮಾನಿಟರ್ ಮೇಲೆ ಉಗುರಿಟ್ಟರು. “ಇದು ಬೆಳಿಗ್ಗೆ ಹನ್ನೊಂದರದ್ದು. ನಿಮ್ದು ಹೊರಟೇ ಇಲ್ಲ.”

ಮತ್ತೆ ಪ್ರೆಸ್ಸಿನ ನಂಬರ್ ಒತ್ತಿದೆ. ಪ್ರೆಸ್ಸಿನ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಮೆಷಿನ್ ಸದ್ದಿಗೆ ಯಾರಿಗೆ ಕೇಳಬೇಕು? ಯಾರದೋ ಮನೆಯಲ್ಲಿ, ಯಾರೋ ಒಬ್ಬ ತಾಯಿ, ನಾನು ಕಳಿಸಿದ ಲೇಬಲ್ ನಂಬಿ ಸಿರಪ್ ಅಳೆಯುತ್ತಿರುವುದೇ ಕಣ್ಣ ಮುಂದೆ. ಓ ಗಾಡ್, ಓ ಗಾಡ್ ಎಂಬುದೊಂದೇ ಬಾಯಲ್ಲಿ. ನಾಲ್ಕನೇ ಸಲಕ್ಕೆ ಎತ್ತಿದರು. ಮೆಷಿನ್ ನಿಂತಿತು. ಓನರ್ ಸ್ಕೂಟರ್‌ನಲ್ಲಿ ಕೆಂಗೇರಿಗೆ ಹೋಗಿ, ಅಚ್ಚಾದ ಹಾಳೆಗಳನ್ನೆಲ್ಲ ಕಣ್ಣೆದುರೇ ಕತ್ತರಿಸಿ ಹಾಕಿಸಿ ಬಂದರು.

ರೆಸಿಗ್ನೇಷನ್ ಬರೆದು ಕೂತಿದ್ದೆ. ಓದಿದರು. “ಕಾನ್ವೆಂಟ್ ಇಂಗ್ಲಿಷು, ಒಂದು ತಪ್ಪಿಲ್ಲ,” ಎಂದು ಮಡಚಿ ಜೇಬಿಗಿಟ್ಟರು. “ನಿಮಗೀಗ ಭಯ ಬಂದಿದೆ. ಭಯ ಇರೋರೇ ಬೇಕು ನಂಗೆ.”

ಅಂದಿನಿಂದ ಪ್ರತಿ ತಿದ್ದುಪಡಿಗೂ ಹೊಸ ಹೆಸರು. ಪ್ರೆಸ್ಸಿನವರು ಬಂದ ಫೈಲನ್ನು ಫೋನಿನಲ್ಲಿ ಓದಿ ಹೇಳುವ ತನಕ ನಾನು ಕುರ್ಚಿ ಬಿಟ್ಟೇಳುತ್ತಿರಲಿಲ್ಲ. ಆ ಭಯ ಇನ್ನೂ ಹೋಗಿಲ್ಲ. ಗ್ಯಾಸ್ ಆಫ್ ಮಾಡಿದರೂ ಎರಡು ಸಲ ನೋಡುತ್ತೇನೆ.

ಹೋದ ತಿಂಗಳು ಓನರ್ ಅವರ ವೈಕುಂಠ ಸಮಾರಾಧನೆಯ ಕಾರ್ಡನ್ನು ಅದೇ ಪ್ರೆಸ್ಸಿಗೆ ನಾನೇ ಕಳಿಸಿದೆ. ಸೈಜ್ ನೋಡಿದೆ. ಟೈಮ್ ನೋಡಿದೆ. ಫೋನ್ ಮಾಡಿ, ಓದಿ ಹೇಳಿ ಎಂದೆ. ಆ ಕಡೆಯಿಂದ ಅವರ ಹೆಸರು ಓದಿದರು, ತೀರಿಕೊಂಡ ದಿನ ಓದಿದರು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಕಾಯುತ್ತ ಕೂತಿದ್ದೆ. ಎಲ್ಲವೂ ಸರಿಯಾಗಿತ್ತು.