ಮಾವಶಿಯ ಬುಟ್ಟಿಯಲ್ಲಿದ್ದ ಊಟ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಖಾನಾಪುರದ ಒಂದು ಸಣ್ಣ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಮನೆ ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ. ಬೆಳಿಗ್ಗೆ ಬೇಕರಿಯ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು ಬಸ್ಸು ಹಿಡಿಯುತ್ತಿದ್ದೆ. ಮಧ್ಯಾಹ್ನ ಡಬ್ಬಿಯ ಅನ್ನ ಸಾರು ಮುಗಿದ ಕೂಡಲೇ ಮತ್ತೆ ಚಹಾ. ಇಪ್ಪತ್ಮೂರನೇ ವಯಸ್ಸಿಗೇ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ದಿನಾ ಓಡಾಡುವ ದಣಿವು ಅಂದುಕೊಂಡು ಸುಮ್ಮನಿದ್ದೆ.

ದವಾಖಾನೆಯ ಡಾಕ್ಟರು ಐವತ್ತು ದಾಟಿದ ಹೆಣ್ಣುಮಗಳು. ಹತ್ತಿರದ ವಸತಿ ನಿಲಯದಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತ ಹುಡುಗಿಯರು ತಲೆ ತಿರುಗಿ ಬೀಳುತ್ತಿದ್ದಾರೆಂದು ಅವರ ಕಿವಿಗೆ ಬಿತ್ತು. ಎಲ್ಲರ ರಕ್ತ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಆಗಿನ ಹಿಮೋಗ್ಲೋಬಿನ್ ಪರೀಕ್ಷೆ ಕಣ್ಣಳತೆಯದು. ಬೆರಳ ತುದಿಯ ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಆಮ್ಲಕ್ಕೆ ಬೆರೆಸಿದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿರುವ ಗಾಜಿನ ಪಟ್ಟಿಯ ಬಣ್ಣಕ್ಕೆ ಸಮ ಆಗುವವರೆಗೆ ಹನಿಹನಿಯಾಗಿ ನೀರು ಹಾಕುತ್ತ ಹೋಗಬೇಕು. ನೀರು ಎಷ್ಟು ಮೇಲಿನ ಗೀಟಿಗೆ ಏರಿತೋ ರಕ್ತ ಅಷ್ಟು ಚೆನ್ನಾಗಿದೆ ಎಂದು ಲೆಕ್ಕ. ಹನ್ನೆರಡಕ್ಕೆ ಮುಟ್ಟಿದರೆ ನಿಶ್ಚಿಂತೆ.

ಸೂಜಿ ಕಂಡ ಹುಡುಗಿಯರು ಹಿಂದೆ ಸರಿದರು. ಮೊದಲು ನೀವು ಚುಚ್ಚಿಕೊಳ್ಳಿ ಅಂದರು. ಧೈರ್ಯ ತೋರಿಸಲು ನನ್ನ ಬೆರಳಿಗೇ ಚುಚ್ಚಿಕೊಂಡೆ. ಒಂಬತ್ತರ ಹತ್ತಿರವೇ ಬಣ್ಣ ಸಮವಾಗಿಬಿಟ್ಟಿತು. ಆ ಕೊಳವೆ ಬದಿಗಿಟ್ಟೆ. ಆಮೇಲೆ ನೋಡಿದ ಹುಡುಗಿಯರದೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಅಲ್ಲಿಯ ಅಡುಗೆಯವರು. ಅರವತ್ತರ ಹೆಂಗಸು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅವರ ಮುಖ ಬಿಗಿದಿತ್ತು.

"ನನ್ನ ಕೈ ಅಡಗಿ ಉಂಡು ಹುಡುಗ್ಯಾರ ರಕ್ತ ಕಡಿಮಿ ಆತಂತೀರೇನು, ಬಾಯಾರ?"

ನಾನು ನನ್ನ ಕೊಳವೆ ಎತ್ತಿ ತೋರಿಸಿದೆ. "ನಿಮ್ಮ ಅಡಗಿ ನಾ ಒಂದು ದಿನಾನೂ ಉಂಡಿಲ್ಲ ಮಾವಶಿ. ನಂದೂ ಕಡಿಮೀನ ಐತಿ ನೋಡ್ರಿ."

ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ತಮ್ಮದನ್ನೂ ನೋಡಿ ಎಂದು ಬೆರಳು ಚಾಚಿದರು. ನಾನು ಹನಿ ಹಾಕುತ್ತ ಹೋದೆ. ಹತ್ತು ದಾಟಿತು, ಹನ್ನೊಂದು ದಾಟಿತು, ಹನ್ನೆರಡೂ ದಾಟಿತು. ಬಣ್ಣ ಇನ್ನೂ ಗಾಢವಾಗಿಯೇ ಇತ್ತು. ಹದಿಮೂರಕ್ಕೆ ನಿಂತಾಗ ನಾನೇ ಎಲ್ಲೋ ತಪ್ಪಿದೆನೆಂದು ಇನ್ನೊಂದು ಬೆರಳಿನಿಂದ ಮತ್ತೆ ಮಾಡಿದೆ. ಮತ್ತೆ ಹದಿಮೂರು. ಖುಷಿಗೆ ಕುಳಿತಲ್ಲಿಂದ ಎದ್ದೇಬಿಟ್ಟೆ. ಇಡೀ ನಿಲಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ರಕ್ತ ಅರವತ್ತರ ಮಾವಶಿಯದು!

ನೀವು ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ ಎಂದು ಕೇಳಿದರೆ ಹೇಳಲು ನಾಚಿಕೊಂಡರು. ಬಿಡದೆ ಬೆನ್ನು ಹತ್ತಿದೆ. ಕೊನೆಗೆ ಹಿತ್ತಲ ಬಾಗಿಲ ಬಳಿ ಇಟ್ಟಿದ್ದ ಬುಟ್ಟಿಯ ಬಟ್ಟೆ ಸರಿಸಿದರು. ನಾಚಣಿ ಹಿಟ್ಟಿನ ಎರಡು ರೊಟ್ಟಿ. ನಾವು ರಾಗಿ ಅನ್ನುವುದಕ್ಕೇ ಖಾನಾಪುರದ ಕಡೆ ನಾಚಣಿ ಅನ್ನುತ್ತಾರೆ. ಜೊತೆಗೆ ನುಗ್ಗೆ ಸೊಪ್ಪಿನ ಪಲ್ಯ, ಹುರಳಿ ಸಾರು, ಗುರೆಳ್ಳು ಚಟ್ನಿ, ಅರ್ಧ ಹೋಳು ನಿಂಬೆಹಣ್ಣು.

"ಇದು ಬಡವರ ಊಟ, ತಂಗಿ. ಸಾಲಿ ಕಲಿಯಾಕ ಬಂದ ಹುಡುಗ್ಯಾರಿಗೆ ಇದನ್ನ ಹೆಂಗ ಬಡಸಲಿ?"

ಹುಡುಗಿಯರಿಗೆ ಅವರು ಪ್ರೀತಿಯಿಂದಲೇ ಬೆಳ್ಳಗಿನ ಅನ್ನ, ತೆಳ್ಳಗಿನ ಬೇಳೆಸಾರು, ಬಟಾಟೆ ಪಲ್ಯ ಮಾಡುತ್ತಿದ್ದರು. ಊಟ ಮುಗಿಯುತ್ತಲೇ ದೊಡ್ಡ ಪಾತ್ರೆ ತುಂಬ ಚಹಾ ಇರುತ್ತಿತ್ತು.

ದವಾಖಾನೆಗೆ ನಾನು ನಡೆಯಲಿಲ್ಲ, ಓಡಿದೆ. ದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಮಾವಶಿಯ ಬುಟ್ಟಿಯ ಸಂಗತಿ ಕೇಳಿದ ಡಾಕ್ಟರು ಜೋರಾಗಿ ನಕ್ಕು, ಅಂದು ಸಂಜೆ ತಾವೇ ಬಂದು ಅಡುಗೆಮನೆಯ ನೆಲದ ಮೇಲೆ ಕುಳಿತರು. ಊಟದ ಬೆನ್ನಿಗೇ ಕುಡಿದ ಚಹಾ ಆಹಾರದಲ್ಲಿನ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆರಸ ಅದನ್ನು ಹತ್ತಿಸುತ್ತದೆ ಎಂದು ವಿವರಿಸಿದರು. ರಕ್ತ ಕಡಿಮೆ ಇದ್ದವರಿಗೆಲ್ಲ ಗುಳಿಗೆ ಬರೆದರು, ನನಗೂ ಸೇರಿಸಿ. ಆಮೇಲೆ ಮಾವಶಿಯ ಕಡೆ ತಿರುಗಿ ಹೇಳಿದರು: "ಗುಳಿಗಿ ಈಗಿನ ಕೊರತಿ ತುಂಬತೈತಿ. ಮುಂದ ಮತ್ತ ಬೀಳದಂಗ ನೋಡಿಕೊಳ್ಳೋದು ನಿಮ್ಮ ಕೈಯಾಗ ಐತ್ರಿ."

ಮರುದಿನದಿಂದ ಮಾವಶಿ ಹುಡುಗಿಯರಿಗೂ ನಾಚಣಿ ರೊಟ್ಟಿ, ಸೊಪ್ಪಿನ ಪಲ್ಯ ಬಡಿಸತೊಡಗಿದರು. ಮೊದಲ ವಾರ ಹುಡುಗಿಯರು ರೊಟ್ಟಿ ಮುಟ್ಟಲಿಲ್ಲ. ಕಾಡಂಚಿನ ಹಳ್ಳಿಗಳಿಂದ ಬಂದ ಅವರಿಗೆ ಅದು ಊರಲ್ಲಿ ಬಿಟ್ಟುಬಂದ ಊಟ. ಆಗ ಮಾವಶಿ ತಮ್ಮ ತಾಟು ತಂದು ಪಂಕ್ತಿಯಲ್ಲೇ ಕುಳಿತರು. ಪಕ್ಕದಲ್ಲಿ ನನ್ನನ್ನೂ ಕೂಡಿಸಿಕೊಂಡರು. ಕ್ಯಾಂಪಿನಲ್ಲಿ ಬೆಳೆದ ನನಗೆ ನಾಚಣಿ ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ. ಚೂರುಚೂರಾಗಿ ಉದುರಿಸಿಕೊಂಡದ್ದನ್ನು ಕಂಡು ಹುಡುಗಿಯರು ನಕ್ಕರು. ಹೇಗೆ ಮುರಿಯಬೇಕು, ಚಟ್ನಿಗೆ ಎಣ್ಣೆ ಹಾಕಿ ಹೇಗೆ ಹಚ್ಚಿಕೊಳ್ಳಬೇಕು ಎಂದು ಕಲಿಸಲು ತಾವೇ ಮುರಿದು ತಿಂದು ತೋರಿಸಿದರು. ಅಂದು ಒಂದು ರೊಟ್ಟಿಯೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ದಿನಕ್ಕೊಂದು ಹುರುಪು. ಮಾವಶಿ ಮಡಿಕೆ ಕಾಳು ನೆನೆಹಾಕಿ ಮೊಳಕೆ ಬರಿಸಿದರು. ಹುಡುಗಿಯರು ಸರದಿಯಂತೆ ನುಗ್ಗೆ ಸೊಪ್ಪು ಬಿಡಿಸಿದರು. ಶನಿವಾರ ಶೇಂಗಾ ಬೆಲ್ಲದ ಉಂಡೆ. ಊಟದ ಬೆನ್ನಿಗಿದ್ದ ಚಹಾ ಸಂಜೆ ನಾಲ್ಕು ಗಂಟೆಗೆ ಹೋಯಿತು. ನಾನು ಬೆಳಗಿನ ಬ್ರೆಡ್ಡು ಬಿಟ್ಟು, ಮನೆಯಲ್ಲಿ ನಾಚಣಿ ಅಂಬಲಿ ಕಾಯಿಸಿಕೊಂಡು ಕುಡಿದು ಬರತೊಡಗಿದೆ.

ನಾಲ್ಕು ತಿಂಗಳ ಮೇಲೆ ಮತ್ತೆ ಕೊಳವೆ ಹಿಡಿದು ಹೋದೆ. ಈ ಸಲ ಸೂಜಿಗೆ ಯಾರೂ ಹೆದರಲಿಲ್ಲ. ಪ್ರಾರ್ಥನೆಯಲ್ಲಿ ಎರಡು ಸಲ ಬಿದ್ದಿದ್ದ ಒಂಬತ್ತನೇ ಇಯತ್ತೆಯ ಹುಡುಗಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾನು ಹಾಕಿದ ಒಂದೊಂದು ಹನಿಯನ್ನೂ ಉಳಿದವರು ಸುತ್ತ ನಿಂತು ಒಟ್ಟಿಗೆ ಎಣಿಸಿದರು. ನೀರು ಹನ್ನೆರಡರ ಗೀಟು ಮುಟ್ಟಿದಾಗ ಎದ್ದ ಕೂಗಿಗೆ ಕೊಳವೆ ನನ್ನ ಕೈಯಿಂದ ಜಾರುವುದಿತ್ತು. ನನ್ನದು ಹನ್ನೆರಡಕ್ಕೆ ಸ್ವಲ್ಪವೇ ಕಡಿಮೆ. ಇಬ್ಬರದು ಮಾತ್ರ ಏರಿರಲಿಲ್ಲ. ಅವರನ್ನು ಹೆಚ್ಚಿನ ಪರೀಕ್ಷೆಗೆ ಡಾಕ್ಟರು ಬೆಳಗಾವಿಗೆ ಕಳಿಸಿದರು.

ಒಬ್ಬೊಬ್ಬರದೂ ಎಷ್ಟಾಯಿತೆಂದು ಓದಿ ಹೇಳಲು ಅಡುಗೆಮನೆಗೆ ಓಡಿದೆ. ಮಾವಶಿ ಹಿಟ್ಟು ಜರಡಿ ಹಿಡಿಯುತ್ತಲೇ ಕೊನೆಯ ಹೆಸರಿನವರೆಗೂ ಕೇಳಿದರು. ಆಮೇಲೆ, ಸೋಮವಾರದಿಂದ ನಾಚಣಿ ಇನ್ನಷ್ಟು ಬೀಸಿಸಬೇಕು, ಹುಡುಗಿಯರ ಹಸಿವು ಹೆಚ್ಚಾಗಿದೆ ಅಂದರು.