ಬೆಸುಗೆ ಹಾಕಿದ ಗಳಿಗೆ ಬಟ್ಟಲು

ಮೊನ್ನೆ ಕುದೂರಿನಲ್ಲಿ ದೊಡ್ಡಮ್ಮನ ಮನೆಯ ಜಗಲಿಯ ಮೇಲೆ ಕೂತಿದ್ದೆ. ಒಳಗಿನಿಂದ ಇಂಗು, ಕರಿಬೇವಿನ ಒಗ್ಗರಣೆಯ ವಾಸನೆ ಬಂತು, ಅದರ ಹಿಂದೆಯೇ ಮಜ್ಜಿಗೆಯೂ ಬಂತು. ಮಜ್ಜಿಗೆ ಯಾರ ಮನೆಯಲ್ಲಾದರೂ ಸಿಗುತ್ತದೆ, ಅದಕ್ಕಾಗಿ ನಿಮ್ಮನ್ನು ಹಿಡಿದು ಕೂರಿಸುವ ಅಗತ್ಯವಿಲ್ಲ. ಆದರೆ ಇದು ಬಂದದ್ದು ಒಂದು ಹಳೆಯ ತಾಮ್ರದ ಬಟ್ಟಲಿನಲ್ಲಿ. ಅದರ ತಳದ ನಟ್ಟನಡುವೆ ಒಂದು ಪುಟ್ಟ ಬೆಸುಗೆ ಇದೆ. ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ.

ರಾಮನಗರದಲ್ಲಿ ನನ್ನದೊಂದು ಪುಸ್ತಕ, ಪೆನ್ನುಗಳ ಅಂಗಡಿ. ಜಾಮಿಟ್ರಿ ಬಾಕ್ಸ್ ಮಾರಿ ಮಾರಿ, ಕೈವಾರ ಕೋನಮಾಪಕಗಳ ಮಟ್ಟಿಗೆ ನಾನೇ ದೊಡ್ಡ ಪಂಡಿತ ಎಂಬ ಭ್ರಮೆ ನನಗೆ ಬಂದುಬಿಟ್ಟಿದೆ. ಗಣಿತದಲ್ಲಿ ನಾನು ಎಷ್ಟು ಸಲ ಕೂತು ಪಾಸಾದೆ ಎಂಬುದನ್ನು ಮಾತ್ರ ದಯವಿಟ್ಟು ಕೇಳಬೇಡಿ. ಈ ಪಾಂಡಿತ್ಯವನ್ನು ಪ್ರದರ್ಶಿಸುವ ಯೋಗ ಕೆಲವು ವರ್ಷಗಳ ಹಿಂದೆ ಒದಗಿಬಂತು. ನನ್ನ ತಾಯಿಯ ಅಕ್ಕ, ಅಂದರೆ ಈ ದೊಡ್ಡಮ್ಮ, ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿದ್ದಳು. ಹೊಸ ಕಣ್ಣು ಬಂದದ್ದೇ ತಡ, ಸೂರಿನ ಜೇಡರ ಬಲೆಯಿಂದ ಹಿಡಿದು ನನ್ನ ತಲೆಯ ಬಿಳಿಕೂದಲಿನವರೆಗೆ ಎಲ್ಲವನ್ನೂ ಕಂಡುಹಿಡಿದು ಸಾರತೊಡಗಿದಳು. ನನ್ನ ಹೆಂಡತಿ ದಿನಕ್ಕೆರಡು ಸಲ ಕಸ ಗುಡಿಸಿದಳು.

ಕೊನೆಯ ತಪಾಸಣೆಗೆ ಬೆಂಗಳೂರಿಗೆ ಹೋದಾಗ ಡಾಕ್ಟರು, "ಅಜ್ಜಿ, ಇನ್ನು ಏನು ಬೇಕಾದರೂ ನೋಡಿ" ಎಂದರು. ದೊಡ್ಡಮ್ಮ ಅದನ್ನು ಅಪ್ಪಣೆ ಎಂದೇ ತಿಳಿದಳು.

"ಹಂಗಾರೆ ಏನಾರ ತೋರ್ಸ್ಲಾ ಮಗ. ಬರೀ ಗ್ವಾಡೆ ಮೇಲಿನ ಅಕ್ಸರ ನೋಡಿ ಸಾಕಾಗದೆ."

ಬಿಸಿಲು ಜೋರಾಗಿತ್ತು. ಹತ್ತಿರದಲ್ಲೇ ಒಂದು ವಸ್ತುಸಂಗ್ರಹಾಲಯವಿತ್ತು, ಒಳಗೆ ಫ್ಯಾನಿತ್ತು. ನಮ್ಮ ಸಂಸ್ಕೃತಿಪ್ರೇಮ ಹೀಗೆ ಶುರುವಾಯಿತು.

ಆಕಾಶ ನೋಡುವ ಹಳೆಯ ಉಪಕರಣಗಳಿಗೆಂದೇ ಅಲ್ಲೊಂದು ಕೋಣೆ. ಒಂದರೊಳಗೊಂದು ತೂರಿಸಿದ ಹಿತ್ತಾಳೆಯ ಬಳೆಗಳ ಗೋಲ, ಅಂಗೈಯಗಲದ ನೆರಳು ಗಡಿಯಾರ, ನಕ್ಷತ್ರಗಳ ಎತ್ತರ ಅಳೆಯುವ ದುಂಡು ಯಂತ್ರ. ಆ ದುಂಡು ಯಂತ್ರದ ಮುಂದೆ ನಾನು ನಿಂತುಬಿಟ್ಟೆ. ಮೇಲಿನ ತಟ್ಟೆಯನ್ನು ಬಳ್ಳಿಯ ಹಾಗೆ ಕೊರೆದಿದ್ದರು. ಬಳ್ಳಿಯಲ್ಲಿ ಎಲೆಗಳು, ಒಂದೊಂದು ಎಲೆಯ ತುದಿಯೂ ಒಂದೊಂದು ನಕ್ಷತ್ರದ ಜಾಗ. ಬರೀ ಮುಳ್ಳು ಇಟ್ಟಿದ್ದರೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು, ಆದರೂ ಯಾರೋ ಕೂತು ಎಲೆ ಕೊರೆದಿದ್ದ. ಅಂಗಡಿಯಲ್ಲಿ ನಾನು ಮಾರುವ ಪ್ಲಾಸ್ಟಿಕ್ಕಿನ ಕೋನಮಾಪಕಗಳು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

"ಚಕ್ಕುಲಿ ಒರಳಿನ ಬಿಲ್ಲೆ ಇದ್ದಂಗೈತಲ್ಲ" ಎಂದಳು ದೊಡ್ಡಮ್ಮ.

"ಇದು ನಕ್ಷತ್ರ ನೋಡೋದು ದೊಡ್ಡಮ್ಮ. ಇಷ್ಟೊಂದು ಕುಸುರಿ ಯಾಕೆ ಮಾಡಿದ್ದಾರೋ."

"ಆಕಾಸ ನೋಡಾಕೆ ಮಾಡಿರದು. ಚೆಂದಾಗಿರಬ್ಯಾಡ್ವೇನ್ಲಾ?"

ಈ ಪಂಡಿತ ಮುಂದಿನ ಗಾಜಿನ ಪೆಟ್ಟಿಗೆಗೆ ನಡೆದ. ಅಲ್ಲೊಂದು ತೆಳುವಾದ ತಾಮ್ರದ ಬಟ್ಟಲಿತ್ತು, ತಳದಲ್ಲಿ ಸೂಜಿಮೊನೆಯಷ್ಟು ತೂತು. ದೊಡ್ಡಮ್ಮ ಗಾಜಿಗೆ ಮೂಗು ತಾಗಿಸಿ ನೋಡಿ ನಕ್ಕಳು.

"ಅಯ್ಯೋ, ನಮ್ಮನೇಲೂ ಇಂತದ್ದೇ ಐತೆ ಕಣ್ಲಾ! ಇವ್ರಿಗೆ ಬೆಸುಗೆ ಹಾಕ್ಸಾಕೂ ಗತಿ ಇಲ್ವಾ?"

ನಾನು ಉತ್ಸಾಹದಿಂದ ಪಕ್ಕದ ಬರಹವನ್ನು ಗಟ್ಟಿಯಾಗಿ ಓದಿದೆ. ಇದು ಗಳಿಗೆ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಒಳಕ್ಕೆ ಏರುತ್ತದೆ, ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ. ಗ್ರಹಣಕ್ಕೂ ಮದುವೆಯ ಮುಹೂರ್ತಕ್ಕೂ ಹೊತ್ತು ನೋಡುತ್ತಿದ್ದದ್ದು ಇದರಿಂದಲೇ.

ಓದಿ ತಿರುಗಿದರೆ ದೊಡ್ಡಮ್ಮನ ಮುಖ ಇಳಿದುಹೋಗಿತ್ತು.

ವಾಪಸು ಬರುವಾಗ ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನೋಣವೆಂದರೆ ಬೇಡವೆಂದಳು. ತಟ್ಟೆ ಇಡ್ಲಿ ಬೇಡವೆಂದದ್ದನ್ನು ಕೇಳಿ ನನಗೆ ನಿಜವಾಗಿಯೂ ಗಾಬರಿಯಾಯಿತು. ಮನೆಗೆ ಬಂದು ಕೂತ ಮೇಲೆ ಬಾಯಿಬಿಟ್ಟಳು.

ಅವಳು ಮದುವೆಯಾಗಿ ಕುದೂರಿಗೆ ಹೋದ ಹೊಸತು. ಅವಳ ಮಾವ ಸುತ್ತಲಿನ ಊರುಗಳ ಮದುವೆಗಳಿಗೆ ಹೊತ್ತು ನೋಡುತ್ತಿದ್ದವರು. ಆಗಲೇ ಜನರ ಕೈಗೆ ವಾಚು ಬಂದಿತ್ತು, ಅವರನ್ನು ಕರೆಯುವುದು ಕಡಿಮೆಯಾಗಿತ್ತು. ಒಂದು ದೀಪಾವಳಿಗೆ ಪಾತ್ರೆ ಬೆಳಗುವಾಗ, ದೇವರ ಮನೆಯ ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಬಟ್ಟಲು ಇವಳ ಕೈಗೆ ಸಿಕ್ಕಿತು. ಹುಣಸೆಹಣ್ಣು ಹಾಕಿ ಉಜ್ಜಿ ನೀರು ತುಂಬಿಸಿದರೆ ತೊಟ್ಟಿಕ್ಕುತ್ತದೆ. ಪಾಪ, ಮಾವನವರ ಒಳ್ಳೆಯ ಬಟ್ಟಲು ತೂತಾಗಿದೆ, ಅದಕ್ಕೇ ಮೂಲೆಗೆ ಸೇರಿದೆ ಎಂದುಕೊಂಡಳು. ಮಾಗಡಿಯಿಂದ ಬರುತ್ತಿದ್ದ ಕಲಾಯಿ ಸಾಬರ ಕೈಲಿ ಬೆಸುಗೆ ಹಾಕಿಸಿ, ಒಳಗೆಲ್ಲ ಫಳಫಳ ಕಲಾಯಿ ಮಾಡಿಸಿ, ಬೇರೆ ಊರಿಗೆ ಹೋಗಿದ್ದ ಮಾವ ಬಂದಕೂಡಲೇ ಎದುರಿಗೆ ಹಿಡಿದಳು.

"ಮಾವನೋರ ಗಡಿಯಾರಾನೇ ಮುಚ್ಚಾಕ್ಬುಟ್ಟೆ ಕಣ್ಲಾ ಮಗ" ಎಂದು ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡಳು. "ಎಷ್ಟು ನೊಂದ್ಕಂಡ್ರೋ ಏನೋ. ನಾನು ಈಟು ವರ್ಸ ಅದನ್ನೇ ಹೆಮ್ಮೆಯಿಂದ ಹೇಳ್ಕಂಡು ತಿರುಗ್ದೆ."

ಚನ್ನಪಟ್ಟಣದಲ್ಲಿ ನನಗೆ ಬೆಸುಗೆ ಕೆಲಸದವರು ಗೊತ್ತು, ಬಿಡಿಸಿಬಿಡೋಣ ಎಂದೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಆದರೂ ಸಮಾಧಾನವಾಗಿರಲಿಲ್ಲ.

"ಅವತ್ತು ಮಾವ ಏನಂದ್ರು?" ಎಂದು ಕೇಳಿದೆ.

"ಏನೂ ಬೈಲಿಲ್ಲ. ಬಟ್ಲ ಎತ್ತಿ ಬೆಳಕಿಗೆ ಹಿಡುದ್ರು. ಆಮ್ಯಾಕೆ, 'ಚೆನ್ನಾಗಿ ಬೆಸ್ದವ್ನೆ ಕಣವ್ವ, ಇದ್ರಲ್ಲೇ ಒಸಿ ಮಜ್ಜಿಗೆ ಕೊಡು' ಅಂದ್ರು. ಇರೋಗಂಟ ಅದ್ರಲ್ಲೇ ಕುಡುದ್ರು. ಲೋಟ ಕೊಟ್ರೆ ಮುಟ್ತಿರ್ಲಿಲ್ಲ. ಕುಡಿಯೋವಾಗ ತಳದಲ್ಲಿ ಹೆಬ್ಬೆಟ್ಟು ಆಡುಸ್ತಿದ್ರು, ಸೋರ್ತದೇನೋ ಅಂತ ನೋಡ್ತವ್ರೆ ಅಂದ್ಕತಿದ್ದೆ..."

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

"ಗೊತ್ತಿದ್ದೂ ಕುಡುದ್ರಲ್ಲ, ಮಗ!" ಎಂದಳು. ಮೊದಲು ಅತ್ತಳು, ಆಮೇಲೆ ನಗತೊಡಗಿದಳು. ಹೆಂಡತಿ ಅಡುಗೆಮನೆಯಿಂದ ಓಡಿಬಂದು, ಮತ್ತೆ ಜೇಡರ ಬಲೆ ಸಿಕ್ಕಿತೇ ಎಂದು ವಿಚಾರಿಸಿದಳು.

ಬೆಸುಗೆ ಬಿಡಿಸುವ ಮಾತು ಆಮೇಲೆ ಬರಲಿಲ್ಲ. ನಾನೇ ಒಮ್ಮೆ ಎತ್ತಿದ್ದಕ್ಕೆ, "ಬ್ಯಾಡ ಬುಡ್ಲಾ. ಮಾವನೋರೇ ಒಪ್ಕಂಡ ಮ್ಯಾಕೆ ನಾನ್ಯಾರು ತೆಗ್ಸಾಕೆ?" ಎಂದಳು. ಈಗ ಬೇಕಾದವರು ಬಂದರೆ ಮಾತ್ರ ಮಜ್ಜಿಗೆ ಆ ಬಟ್ಟಲಿನಲ್ಲಿ ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಅದರ ಜೊತೆಗಾರ ನನಗೆ ಇವತ್ತಿಗೂ ಬಲು ಚೆಂದವೇ, ಆದರೆ ಅದಕ್ಕೆ ಒಗ್ಗರಣೆಯ ವಾಸನೆಯಿಲ್ಲ.

ಮೊನ್ನೆ ನಾನು ಕುದೂರಿಗೆ ಹೋದದ್ದು ಬರೀ ಮುಖ ತೋರಿಸಿ ಬರಲಿಕ್ಕೆ. ಅಂಗಡಿ ಬಿಟ್ಟು ಬಂದಿದ್ದೆ, ಐದು ನಿಮಿಷದಲ್ಲಿ ಏಳುವವನಿದ್ದೆ. ಬಟ್ಟಲು ಕೈಗೆ ಬಂತು, ದೊಡ್ಡಮ್ಮ ಪಕ್ಕದಲ್ಲಿ ಕೂತು ಊರಿನ ಸುದ್ದಿ ತೆಗೆದಳು. ಕೇಳುತ್ತಾ ಕೇಳುತ್ತಾ ನನ್ನ ಹೆಬ್ಬೆಟ್ಟು ತನ್ನಷ್ಟಕ್ಕೆ ತಾನೇ ಬೆಸುಗೆಯ ಮೇಲೆ ಆಡುತ್ತಿತ್ತು. ನಾನು ಕಾಣದ ಆ ಹಿರಿಯರ ಮೇಲೆ ತುಂಬ ಪ್ರೀತಿ ಬಂತು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ನನ್ನ ಬಸ್ಸು ಹಾರನ್ ಹೊಡೆಯುತ್ತಾ ಹೋಗಿಯೇ ಬಿಟ್ಟಿತು. ಕೈಯಲ್ಲೇ ಗಡಿಯಾರ ಹಿಡಿದುಕೊಂಡು ಬಸ್ಸು ತಪ್ಪಿಸಿಕೊಂಡೆ!

ದೊಡ್ಡಮ್ಮ ಒಂದಿಷ್ಟೂ ಮರುಗಲಿಲ್ಲ.

"ಕುತ್ಕಳ್ಲಾ, ಇನ್ನೊಂದು ಬಸ್ಸು ಬತ್ತದೆ" ಎನ್ನುತ್ತಾ ಬಟ್ಟಲನ್ನು ಮತ್ತೆ ತುಂಬಿದಳು.